ಗಿಟಾರು ಬರಲಿರುವ ಗೃಹಸ್ಥ

ಬೆಂಗಳೂರಿನ ಪಶ್ಚಿಮದ ಬಡಾವಣೆಗಳಲ್ಲಿ, ಅಂದರೆ ರಾಜಾಜಿನಗರದಿಂದ ಬಸವೇಶ್ವರನಗರ, ವಿಜಯನಗರಗಳನ್ನು ಹಾದು ಕೆಂಗೇರಿ ಉಪನಗರದವರೆಗೆ, ಕಾಣಸಿಗುವ ಗೃಹಸ್ಥರಲ್ಲಿ ಒಂದು ವಿಶೇಷ ವರ್ಗವಿದ್ದು, ಅವರನ್ನು ಗಿಟಾರು ನುಡಿಸುವವರೆಂದಾಗಲಿ ಗಿಟಾರು ಉಳ್ಳವರೆಂದಾಗಲಿ ಕರೆಯುವುದು ಶಾಸ್ತ್ರೀಯವಾಗಿ ಸರಿಯಾಗಲಾರದು. ಅವರು ಗಿಟಾರು ಬರಲಿರುವವರು. ನಲವತ್ತು ದಾಟಿದ, ಸಾಫ್ಟ್‌ವೇರ್ ಉದ್ಯೋಗದಲ್ಲಿರುವ, ಥರ್ಟಿ ಫಾರ್ಟಿ ಸೈಟಿನಲ್ಲಿ ತಂದೆ ಕಟ್ಟಿಸಿದ ಮನೆಯ ಮೇಲೆ ಮತ್ತೊಂದು ಮಹಡಿ ಎಬ್ಬಿಸಿ ಅದರ ಸಾಲವನ್ನೂ ತೀರಿಸಿರುವ ಈ ಗೃಹಸ್ಥ, ಕಾಲೇಜಿನ ದಿನಗಳಲ್ಲಿ ಕೊಂಡ ಪ್ಲೈವುಡ್ ಗಿಟಾರಿನ ಮೇಲೆ ಒಂದೂವರೆ ಹಾಡು ಕಲಿತಿದ್ದು, ಉಳಿದರ್ಧ ಬಾರದಿರುವುದಕ್ಕೆ ವಾದ್ಯದ ದೋಷವೇ ಕಾರಣವೆಂಬ ನಿರ್ಣಯಕ್ಕೆ ದೀರ್ಘಾಲೋಚನೆಯ ನಂತರ ಬಂದಿರುತ್ತಾನೆ.

ಈ ದೋಷಕ್ಕೆ ಕಾರ್ಖಾನೆಯ ಗಿಟಾರು ಪರಿಹಾರವಲ್ಲವೆಂದೂ, ಲೂಥಿಯರ್‌ನಿಂದ, ಅಂದರೆ ತಂತಿವಾದ್ಯಗಳನ್ನು ಕೈಯಾರೆ ಒಂದೊಂದಾಗಿ ಮಾಡುವ ಕುಶಲಿಯಿಂದ, ನೇರವಾಗಿ ಮಾಡಿಸಬೇಕೆಂದೂ ಇತ್ಯರ್ಥವಾದ ಮೇಲೆ ಆತನ ದೃಷ್ಟಿ ಸ್ಪೇನಿನ ಗ್ರಾನಡಾ ನಗರದತ್ತ ಹೊರಳುತ್ತದೆ. ಅಲ್ಲಿ ಅಲ್‌ಹಂಬ್ರಾ ಅರಮನೆಗೆ ಏರಿಹೋಗುವ ಗೋಮೆರೆಸ್ ಬೀದಿಯ ಆಸುಪಾಸಿನಲ್ಲಿ ಗಿಟಾರು ಮಾಡುವವರು ತಲೆಮಾರುಗಳಿಂದ ಇದ್ದಾರೆ. ಒಬ್ಬನೇ ಕುಳಿತು ಮಾಡುವ ಕೆಲಸವಾದ್ದರಿಂದ ವರ್ಷಕ್ಕೆ ಸಿದ್ಧವಾಗುವ ವಾದ್ಯಗಳು ಕೆಲವೇ ಕೆಲವು, ಹೆಸರಾದವನ ಹತ್ತಿರ ಸರದಿಯೋ ವರ್ಷಗಟ್ಟಲೆ. ಮುಂಗಡ ಕಳುಹಿಸಲು ಹೋದಾಗ ಬ್ಯಾಂಕು, ವಿದೇಶಕ್ಕೆ ಹೋಗುವ ಎಲ್ಲ ಹಣಕ್ಕೂ ಕೇಳುವಂತೆ, ಉದ್ದೇಶದ ಸಂಕೇತಸಂಖ್ಯೆಯನ್ನು ಕೇಳುತ್ತದೆ. ಬ್ಯಾಂಕಿನಲ್ಲಿ ಪಟ್ಟಿಯೊಂದಿದ್ದು ಅದರಲ್ಲಿ ಯಾವುದಾದರೊಂದನ್ನು ಆರಿಸಿದರೆ ಮುಗಿಯಿತು. ಅದೇ ಪ್ರಶ್ನೆಯನ್ನು ಹೆಂಡತಿ ಕೇಳಿದಾಗ ಪಟ್ಟಿ ಇರುವುದಿಲ್ಲ.

ಸರದಿಯ ಈ ಅವಧಿಯೇ ಗೃಹಸ್ಥನ ಸುವರ್ಣಯುಗ. ಇಂದಿನ ಕ್ಲಾಸಿಕಲ್ ಗಿಟಾರಿಗೆ ಅದರ ರೂಪವನ್ನು ಕೊಟ್ಟ ಆಂಟೋನಿಯೊ ದೆ ಟೋರೆಸ್ (1817–1892) ಆತನಿಗೆ ಈಗ ಮನೆಯ ಹಿರಿಯನಿದ್ದಂತೆ. ತಂತಿಯ ಮಿಡಿಯುವ ಉದ್ದ, ಎಂದರೆ ಮೇರುವಿನಿಂದ ಕುದುರೆಯವರೆಗಿನ ಅಂತರ, ಸಾಮಾನ್ಯವಾಗಿ 650 ಮಿಲಿಮೀಟರ್ ಇರುವುದು, ಮುಖಹಲಗೆಯ ಒಳಮೈಗೆ ಬೀಸಣಿಗೆಯ ವಿನ್ಯಾಸದಲ್ಲಿ ಪಟ್ಟಿಗಳನ್ನು ಅಂಟಿಸುವುದು, ಹಲಗೆಗೆ ಶೀತದೇಶದ ಸ್ಪ್ರೂಸ್ ಮರವೋ ಸೀಡರ್ ಮರವೋ ಎಂಬ ವಿವಾದ, ಇವೆಲ್ಲ ಕೆಂಗೇರಿಯಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿದ ಸಹೋದ್ಯೋಗಿಗೆ ವಿಜಯನಗರ ಬರುವಷ್ಟರಲ್ಲಿ ತಿಳಿದಿರುತ್ತವೆ. ಆ ಸಹೋದ್ಯೋಗಿ ಹೊಸಹಳ್ಳಿಯಲ್ಲೇ ಎದ್ದು, ಮೆಜೆಸ್ಟಿಕ್ ಇನ್ನೂ ದೂರವಿದ್ದರೂ, ಬಾಗಿಲ ಬಳಿ ನಿಂತುಬಿಡುತ್ತಾನೆ. ಗಿಟಾರಿನ ನಾದ ಹುಟ್ಟುವುದು ಮುಖಹಲಗೆಯಲ್ಲಿ ಎಂದು ತೋರಿಸಿಕೊಡಲು ಟೋರೆಸ್ 1862ರಲ್ಲಿ ಬೆನ್ನು ಮತ್ತು ಪಕ್ಕಗಳನ್ನು ಕಾಗದದ ರಟ್ಟಿನಿಂದಲೇ ಮಾಡಿದ್ದನೆಂಬುದನ್ನೂ, ಆ ವಾದ್ಯ ಇಂದಿಗೂ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ ಎಂಬುದನ್ನೂ ಗೃಹಸ್ಥ ಭಕ್ತಿಯಿಂದ ವಿವರಿಸುತ್ತಾನೆ, ಮತ್ತು ವಿವರಿಸಿದ ರಾತ್ರಿಯೇ ಬೆನ್ನು, ಪಕ್ಕಗಳಿಗೆ ಅತ್ಯುತ್ತಮ ಬೀಟೆಮರವೇ ಬೇಕೆಂದು ಗ್ರಾನಡಾಕ್ಕೆ ಬರೆದು ಹೆಚ್ಚಿನ ಯೂರೊಗಳಿಗೆ ಒಪ್ಪಿಕೊಳ್ಳುತ್ತಾನೆ.

ಬೀಟೆಯ ಪ್ರಕರಣವನ್ನು ಸ್ವಲ್ಪ ವಿಸ್ತರಿಸುವುದು ಅಗತ್ಯ. ಒಂದು ಕಾಲಕ್ಕೆ ಗಿಟಾರು ಮಾಡುವವರು ಬ್ರೆಜಿಲ್ ದೇಶದ ಬೀಟೆಯನ್ನೇ ಬಯಸುತ್ತಿದ್ದರು. 1960ರ ದಶಕದ ಕೊನೆಗೆ ಅದರ ದಿಮ್ಮಿಗಳು ದುರ್ಲಭವಾಗಿ, 1992ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವೇ ನಿಷಿದ್ಧವಾದುದರಿಂದ ಅವರೆಲ್ಲ ಭಾರತದ ಬೀಟೆಗೆ ತಿರುಗಿಕೊಂಡರು. ಅದು ಬೆಳೆಯುವುದು ಪಶ್ಚಿಮ ಘಟ್ಟದ ಸೀಮೆಯಲ್ಲಿ, ಅಂದರೆ ನಮ್ಮ ಗೃಹಸ್ಥರಲ್ಲಿ ಅನೇಕರ ಅಜ್ಜನ ಮನೆಗಳಿರುವ ಕೊಪ್ಪ, ಸಕಲೇಶಪುರ, ಕೊಡಗುಗಳ ಕಡೆ. ಅಜ್ಜನ ಕಾಫಿತೋಟದಲ್ಲಿ ಬೀಟೆ ಇದ್ದರೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅದನ್ನು ಕಡಿಯುವಂತಿಲ್ಲ. ಕಡಿದು ಮಾಡಿದ್ದು ಹಿಂದೆಂದೋ ಒಂದು ಮಂಚ ಮಾತ್ರ, ಅದು ತಂದೆಯ ಪಾಲಿಗೆ ರಾಜಾಜಿನಗರಕ್ಕೆ ಬಂದು, ಹೊಸ ಮಹಡಿಯ ಮೆಟ್ಟಿಲಿನಲ್ಲಿ ತಿರುಗಲಿಲ್ಲವೆಂಬ ಕಾರಣಕ್ಕೆ ಕಾಮಾಕ್ಷಿಪಾಳ್ಯದ ಗುಜರಿಗೆ ಹೋಯಿತು. ಗ್ರಾನಡಾದ ಕುಶಲಿ ಹಲಗೆಯ ಚಿತ್ರ ಕಳುಹಿಸಿ, ಇದು ನಿಮ್ಮ ದೇಶದ್ದೇ ಎಂದು ಸೌಜನ್ಯಕ್ಕೆ ಬರೆದಾಗ ಗೃಹಸ್ಥನಿಗೆ ರೋಮಾಂಚನವಾಗುತ್ತದೆ, ಮಂಚದ ನೆನಪು ಆಗುವುದಿಲ್ಲ. ಮೇಲಿನ ಮೆರುಗು ಅರಗಿನದು, ಆ ಅರಗೂ ಬಹುಪಾಲು ಜಾರ್ಖಂಡ್ ಕಡೆಯಿಂದಲೇ ಲೋಕಕ್ಕೆ ಹೋಗುವಂಥದ್ದು ಎಂಬುದನ್ನು ಆತನಿಗೆ ಯಾರೂ ಹೇಳದಿರುವುದು ಒಳ್ಳೆಯದು.

ಸುಂಕದ ವಿಷಯವನ್ನು ಆತ ತಾನಾಗಿ ಎತ್ತುವುದಿಲ್ಲ. ವಾದ್ಯದ ಬೆಲೆಗೆ ಸಾಗಣೆ ಮತ್ತು ವಿಮೆಯ ವೆಚ್ಚ ಸೇರಿ, ಆ ಮೊತ್ತದ ಮೇಲೆ ಆಮದು ಸುಂಕ, ಸುಂಕವೂ ಕೂಡಿದ ಮೊತ್ತದ ಮೇಲೆ ಸಮಗ್ರ ಸರಕು ಸೇವಾ ತೆರಿಗೆ ಬೀಳುವುದರಿಂದ, ಮಲೆನಾಡಿನ ಮರ ಬಸವೇಶ್ವರನಗರಕ್ಕೆ ಮರಳಲು ತೆರುವ ದಂಡ ಸಣ್ಣದಲ್ಲ. 2017ರಿಂದ ಬೀಟೆ ಜಾತಿಯ ಮರಗಳೆಲ್ಲ ಅಂತರರಾಷ್ಟ್ರೀಯ ನಿಯಂತ್ರಣಕ್ಕೆ ಒಳಪಟ್ಟರೂ 2019ರ ಕೊನೆಗೆ ಸಿದ್ಧವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಆ ಆದೇಶದ ಮೂರು ಪ್ರತಿ ಆತನ ಬಳಿ ಇರುತ್ತವೆ, ಯಾವ ಅಧಿಕಾರಿಯೂ ಕೇಳುವುದಿಲ್ಲ.

ಗಿಟಾರು ಬಂದೇಬಂದ ಮೇಲೆ ಹವೆಯ ಶಾಸ್ತ್ರ ಆರಂಭವಾಗುತ್ತದೆ. ತೆಳುಹಲಗೆ ಬಿರಿಯದಿರಲು ಗಾಳಿಯ ತೇವಾಂಶ ಶೇಕಡ 45ರಿಂದ 55ರ ನಡುವೆ ಇರಬೇಕು. ಬೆಂಗಳೂರಿನ ಮಾರ್ಚ್ ಮಧ್ಯಾಹ್ನ ಅದಕ್ಕಿಂತ ಬಹಳ ಕೆಳಗೆ, ಜುಲೈ ಬಹಳ ಮೇಲೆ. ಹೀಗಾಗಿ ವಾದ್ಯವು ಪೆಟ್ಟಿಗೆಯೊಳಗೂ ಗೃಹಸ್ಥನು ತೇವಮಾಪಕದ ಮುಂದೆಯೂ ಉಳಿಯುತ್ತಾರೆ. ಆ ಮಾಪಕದಿಂದ ನಿಜವಾದ ಪ್ರಯೋಜನ ಪಡೆಯುವವರು ತಾಯಿ. ಸಂಡಿಗೆ ಇಡುವ ದಿನವನ್ನು ಅವರು ಅದನ್ನು ನೋಡಿಯೇ ನಿಶ್ಚಯಿಸುತ್ತಾರೆ. ಮಗ ಏಕೆ ನುಡಿಸುವುದಿಲ್ಲವೆಂದು ಕೇಳಿದವರಿಗೆ, ಹೊಸ ಗಿಟಾರಿನ ಸ್ವರ ತೆರೆದುಕೊಳ್ಳಲು ವರ್ಷಗಳು ಬೇಕೆಂಬ ಉತ್ತರ ದೊರೆಯುತ್ತದೆ. ಹಾಗೆ ತೆರೆದುಕೊಳ್ಳುವುದು ನುಡಿಸಿದರೆ ಮಾತ್ರ ಎಂದು ವಾದಕರು ಹೇಳುತ್ತಾರೆ, ಆದರೆ ಆ ಭಾಗ ಉತ್ತರದಲ್ಲಿ ಇರುವುದಿಲ್ಲ.

ನವೆಂಬರಿನಲ್ಲಿ ಬೀದಿಯ ಕನ್ನಡ ಸಂಘದ ಹುಡುಗರು ರಾಜ್ಯೋತ್ಸವದ ಆರ್ಕೆಸ್ಟ್ರಾಕ್ಕೆ ಗಿಟಾರು ಕೇಳಿಕೊಂಡು ಬರುತ್ತಾರೆ. ಗೃಹಸ್ಥ ಅಟ್ಟದಿಂದ ಹಳೆಯ ಪ್ಲೈವುಡ್ ಗಿಟಾರನ್ನು ಇಳಿಸಿ, ಧೂಳೊರೆಸಿ ಕೊಡುತ್ತಾನೆ. ಇದರಲ್ಲಿ ಚೆನ್ನಾಗಿ ಬರುತ್ತದಾ ಸಾರ್ ಎಂದು ಅವರು ಅನುಮಾನಿಸಿದರೆ, ಟೋರೆಸ್ ರಟ್ಟಿನಲ್ಲೇ ಮಾಡಿದ್ದ, ಇದು ಪ್ಲೈವುಡ್ ಅಲ್ಲವೇ, ಧಾರಾಳವಾಗಿ ಬರುತ್ತದೆ ಎಂದು ಧೈರ್ಯ ಹೇಳಿ ಕಳುಹಿಸುತ್ತಾನೆ.