ಗಾಡಿ ನಿಲ್ಲಿಸುವ ಮುನ್ನ ಒಂದು ಕಾಗದ

ರಾಜ್ಯ ಸರ್ಕಾರದ ಮೂಲಸೌಲಭ್ಯ ಅಭಿವೃದ್ಧಿ ಇಲಾಖೆಯ ಕಾರ್ಯದರ್ಶಿಗಳಿಗೆ ಹಾಗೂ ವಿಜಯಪುರ ಜಿಲ್ಲಾಧಿಕಾರಿಗಳಿಗೆ,



ನಮ್ಮೂರು ಬಸವನ ಬಾಗೇವಾಡಿಯ ಹೆಸರು ಹೊತ್ತ ರೈಲು ನಿಲ್ದಾಣ ಇರುವುದು ದೂರದ ತೆಲಗಿಯಲ್ಲಿ. ಇಂಡಿ ರೋಡ್ ನಿಲ್ದಾಣ ಕೂಡ ಇಂಡಿ ಪೇಟೆಯಿಂದ ಆಚೆ. ಸಿಂದಗಿಗೂ ಮುದ್ದೇಬಿಹಾಳಕ್ಕೂ ಹಳಿಯೇ ಬಂದಿಲ್ಲ. ರೈಲು ಹತ್ತಬೇಕೆಂದರೆ ನಾವು ಮೊದಲು ಬಸ್ಸನ್ನೋ ಟಂಟಂ ಅನ್ನೋ ಹಿಡಿಯಬೇಕು. ಸೋಲಾಪುರದ ದವಾಖಾನೆಗೆ ಹೊರಟ ಮುದುಕಿ, ದುಡಿಯಲು ಊರು ಬಿಟ್ಟ ಸಂಸಾರ, ರೊಟ್ಟಿ ಬುತ್ತಿ, ಹಾಸಿಗೆ ಗಂಟು ಸಮೇತ ಪ್ಲಾಟ್‌ಫಾರ್ಮಿಗೆ ಬಂದ ಮೇಲೆ ‘ಆ ಗಾಡಿ ಈಗ ಇಲ್ಲಿ ನಿಲ್ಲೂದಿಲ್ಲ’ ಎಂದರೆ ಅವರು ಏನು ಮಾಡಬೇಕು? ಹೊಳ್ಳಿ ಹೋಗಲಿಕ್ಕೆ ಆ ಹೊತ್ತಿಗೆ ಬಸ್ಸೂ ಇರುವುದಿಲ್ಲ.

2020ರ ಮಾರ್ಚ್‌ನಲ್ಲಿ ದೇಶದ ಪ್ರಯಾಣಿಕ ರೈಲುಗಳೆಲ್ಲ ನಿಂತವು. ರೋಗದ ಕಾಲ, ಯಾರೂ ತಕರಾರು ತೆಗೆಯಲಿಲ್ಲ. ಮತ್ತೆ ಓಡತೊಡಗಿದಾಗ ಪ್ಯಾಸೆಂಜರ್ ಗಾಡಿಯ ಕನಿಷ್ಠ ದರ 10 ರೂಪಾಯಿಯಿಂದ 30ಕ್ಕೆ ಏರಿತ್ತು. ದೇಶದ ಎಷ್ಟೋ ಸಣ್ಣ ಊರುಗಳ ನಿಲುಗಡೆ ಮಾಯವಾಗಿತ್ತು. ಹಳೆಯ ದರ ಮರಳಿದ್ದು 2024ರಲ್ಲಿ.

ರೈಲು ಕೇಂದ್ರದ ಪಟ್ಟಿಯ ವಿಷಯ, ನಮ್ಮ ಕೈಲೇನಿದೆ ಎನ್ನಬೇಡಿ. ನಷ್ಟದ ಕವಲು ಮಾರ್ಗಗಳನ್ನು ಪರಿಶೀಲಿಸಲು 1969ರಲ್ಲೇ ಸಮಿತಿಯಾಗಿತ್ತು. ಮುಚ್ಚಬೇಕೆಂದುಕೊಂಡ ಅನೇಕ ಮಾರ್ಗಗಳು ಉಳಿದದ್ದು ರಾಜ್ಯ ಸರ್ಕಾರಗಳು ಒಪ್ಪದ್ದರಿಂದ. ಅಂದರೆ ನಿಮ್ಮ ‘ಬೇಡ’ಕ್ಕೆ ತೂಕವಿದೆ. ಆದರೆ ಬೇಡವೆನ್ನಲು ಮೊದಲು ಸುದ್ದಿ ತಿಳಿಯಬೇಕಲ್ಲ. ಅಮೆರಿಕದಲ್ಲಿ ಮಾರ್ಗ ಕೈಬಿಡಲು ಅರ್ಜಿ ಹಾಕುವ ಕಂಪನಿ ಕನಿಷ್ಠ 15 ದಿನ ಮೊದಲೇ ಆ ರಾಜ್ಯದ ಗವರ್ನರಿಗೆ ನೋಟಿಸು ಕೊಡಬೇಕು, ಸತತ ಮೂರು ವಾರ ಪತ್ರಿಕೆಯಲ್ಲಿ ಪ್ರಕಟಿಸಬೇಕು. ನಮ್ಮಲ್ಲೂ ಅಂಥ ನಿಯಮ ಬರಲಿ.

ಒಮ್ಮೆ ನಿಂತ ರೈಲು ಬೇಗ ಮರಳುವುದಿಲ್ಲ. ಹೊಸಪೇಟೆ–ಕೊಟ್ಟೂರು ಹಳಿಯ ಮೇಲೆ ಮೀಟರ್ ಗೇಜ್ ಕಾಲದಲ್ಲಿ ನಿಂತ ಪ್ರಯಾಣಿಕ ರೈಲು ಮತ್ತೆ ಬಂದದ್ದು 2019ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ರೈಲಿಲ್ಲದೆ ಬೆಳೆದಿತ್ತು.

ಬಾಗಲಕೋಟೆ–ಕುಡಚಿ ಮಾರ್ಗಕ್ಕೆ ರಾಜ್ಯ ಪುಕ್ಕಟೆ ಜಮೀನು ಕೊಟ್ಟಿದೆ, ಅರ್ಧ ಖರ್ಚು ಹೊತ್ತಿದೆ. ಹೀಗೆ ದುಡ್ಡು ಕೊಡುವ ಪ್ರತಿ ಒಪ್ಪಂದದಲ್ಲೂ ಒಂದು ಷರತ್ತು ಬರೆಸಿ: ಮಾರ್ಗ ಮುಚ್ಚಲಿ, ನಿಲುಗಡೆ ತೆಗೆಯಲಿ, ಮೂರು ತಿಂಗಳು ಮೊದಲು ರೈಲ್ವೆಯು ಕಾರಣಸಹಿತ ಕನ್ನಡದಲ್ಲಿ ನಿಮಗೆ ಕಾಗದ ಬರೆದು ತಿಳಿಸಬೇಕು, ಹಳಿ ಕಿತ್ತರೆ ಜಮೀನು ಏನಾಗುತ್ತದೆಂದೂ ಬರೆಯಬೇಕು. ಜಿಲ್ಲಾಧಿಕಾರಿಗಳೇ, ಆ ಕಾಗದ ನಿಮ್ಮ ಮೇಜಿನ ಮೇಲೆ ಕೂಡಬಾರದು. ತಹಶೀಲ್ದಾರರ ಮೂಲಕ ಅದು ವಾರದೊಳಗೆ ಪಂಚಾಯಿತಿ ಗೋಡೆಗೂ ನಮ್ಮ ಬಸ್ ನಿಲ್ದಾಣಕ್ಕೂ ಬರಲಿ. ತಕರಾರು ಹೇಳುವವರ ಮಾತು ಕೇಳಿಕೊಂಡೇ ನೀವು ಹುಬ್ಬಳ್ಳಿಯ ನೈಋತ್ಯ ರೈಲ್ವೆಗೆ ಉತ್ತರ ಬರೆಯಿರಿ.

ಇತಿ,
ಬಸವನ ಬಾಗೇವಾಡಿಯ ಒಬ್ಬ ರೈಲು ಪ್ರಯಾಣಿಕ