ಚುಕ್ಕಿ ನೀರಿಗಿಳಿಯಿತು

ಬೇಸಿಗೆ ಬಂತೆಂದರೆ ನಾರ್ವೆಯ ಕನ್ನಡಿಗರ ಮನೆ ಛತ್ರ. ಮೊದಲು ಅಪ್ಪ-ಅಮ್ಮ, ಅವರು ವಿಮಾನ ಹತ್ತುವ ಮೊದಲೇ ಅತ್ತೆ-ಮಾವ, ಆ ಸೂಟ್‌ಕೇಸುಗಳ ಸಂದಿಯಲ್ಲೇ ಜಾಗ ಮಾಡಿಕೊಂಡು ಚಿಕ್ಕಮ್ಮನ ಮಗ ಮತ್ತು ಅವನ ಹೊಸ ಹೆಂಡತಿ. ಬಂದವರಿಗೆಲ್ಲ ಫ್ಯೋರ್ಡ್ ತೋರಿಸಲೇಬೇಕು. ನಮ್ಮ ಮನೆಯಲ್ಲಿ ಆ ಕೆಲಸ ನನ್ನ ಹೆಂಡತಿಯದು, ಏಕೆಂದರೆ ನಾನು ಘಾಟಿಯಲ್ಲಿ ಗಾಡಿ ಓಡಿಸಿದರೆ ಹಿಂದೆ ಕೂತವರು ವಿಷ್ಣುಸಹಸ್ರನಾಮ ಶುರು ಮಾಡುತ್ತಾರೆ. ಹಾಗಾಗಿ ಗೈರಾಂಗರ್, ಫ್ಲೋಮ್, ಸೋಗ್ನೆಫ್ಯೋರ್ಡ್ ಎಲ್ಲವನ್ನೂ ಅವಳು ಎಷ್ಟೋ ಸಲ ನೋಡಿದ್ದಾಳೆ. ಎಲ್ಲವನ್ನೂ ಕಾರಿನ ಕನ್ನಡಿಯಲ್ಲಿ. ಮುಂದೆ ಜಲಪಾತ, ಕನ್ನಡಿಯಲ್ಲಿ ವಾಂತಿ ಬರುವಂತಿರುವ ಮಾವ. ಇಷ್ಟು ವರ್ಷ ಇಲ್ಲಿದ್ದೂ ಪಾರ್ಕಿಂಗ್ ಜಾಗ ದಾಟಿ ಒಂದು ಬೆಟ್ಟ ಹತ್ತಿದವಳಲ್ಲ. ಯಾವಾಗಲೂ ಯಾರದಾದರೂ ಮಂಡಿ ಅಡ್ಡ ಬರುತ್ತಿತ್ತು.

ಈ ಸಲ ಊಟಕ್ಕೆ ಕೂತಾಗ, ಸಾರು ಬಡಿಸುತ್ತ, ಘೋಷಿಸಿದಳು. "ನಾನು ಹಾರ್ಡಾಂಗರ್ ಕಡೆಯಿಂದ ರೋಮ್ಸ್‌ಡಾಲ್ ತನಕ ಹೋಗಿಬರ್ತೀನಿ. ಒಬ್ಬಳೇ."

ಆಗುಂಬೆಯ ಹತ್ತಿರದ ಊರಿನಿಂದ ತೊಂಬತ್ತು ದಿನದ ವೀಸಾದಲ್ಲಿ ಬಂದಿರುವ ನನ್ನ ಅಮ್ಮ ತಟ್ಟೆಯಿಂದ ತಲೆ ಎತ್ತಿದಳು. "ಒಬ್ಬಳೇ ಅಂದ್ರೆ ಯಾರ್ಯಾರು?"

ಸುದ್ದಿ ಸಂಜೆಯೊಳಗೆ ಊರ ಕನ್ನಡಿಗರಿಗೆಲ್ಲ ಮುಟ್ಟಿತು. ಹೇಗೆ ಮುಟ್ಟಿತೆಂದು ಕೇಳಬೇಡಿ. ಆಸ್ಲೋದಲ್ಲಿ ಮೆಟ್ರೋಗಿಂತ ನಮ್ಮ ಸುದ್ದಿಗೆ ನಿಲ್ದಾಣಗಳು ಜಾಸ್ತಿ. ಒಬ್ಬರು ಫೋನ್ ಮಾಡಿ ನಾಲ್ಕು ಕುಶಲ ವಿಚಾರಿಸಿ, ದನಿ ತಗ್ಗಿಸಿ, "ಮನೇಲಿ ಎಲ್ಲ ಸರಿ ಇದೆಯಾ?" ಎಂದರು. ಮತ್ತೊಬ್ಬರು ಬಿಸಿಬೇಳೆಬಾತ್ ತಂದುಕೊಟ್ಟು, ನನ್ನ ಭುಜ ತಟ್ಟಿ, ಹೆಚ್ಚೇನೂ ಮಾತಾಡದೆ ಹೊರಟುಹೋದರು. ಬಾತ್ ಚೆನ್ನಾಗಿತ್ತು, ಆದರೆ ಅದನ್ನು ತಿನ್ನುವಾಗ ನಾನು ಏನನ್ನು ಕಳಕೊಂಡಿದ್ದೇನೆಂದು ನನಗೇ ಗೊತ್ತಾಗಲಿಲ್ಲ. ಅದೇ ವಿಷಯವನ್ನು ಆಫೀಸಿನ ನಾರ್ವೇಜಿಯನ್ ಸಹೋದ್ಯೋಗಿಗೆ ಹೇಳಿದರೆ ಅವನು ಕೇಳಿದ ಪ್ರಶ್ನೆ ಒಂದೇ: "ಶೂ ಯಾವುದು?"

ಅಮ್ಮ ಒಂದು ಷರತ್ತಿನ ಮೇಲೆ ಒಪ್ಪಿದಳು. ಫೋನಿನಲ್ಲಿ ಲೈವ್ ಲೊಕೇಶನ್ ಹಾಕಿರಬೇಕು, ಅದೂ ಫ್ಯಾಮಿಲಿ ಗ್ರೂಪಿನಲ್ಲಿ. ಇವಳು ಮುಖ ಸಿಂಡರಿಸಿದಳು. ಆಗ ಹದಿನಾಲ್ಕರ ನಮ್ಮ ಮಗಳು ಅಜ್ಜಿಯ ಪರ ವಕಾಲತ್ತಿಗೆ ನಿಂತಳು. ಇಲ್ಲಿನ ಮಕ್ಕಳು ಮಗ್ಗಿ ಕಲಿಯುವ ವಯಸ್ಸಿಗೆ ಬೆಟ್ಟದ ಒಂಬತ್ತು ನಿಯಮಗಳನ್ನೂ ಕಲಿಯುತ್ತಾರೆ. 1950ರ ದಶಕದಿಂದ ಈ ದೇಶವೇ ಪಾರಾಯಣ ಮಾಡಿಕೊಂಡು ಬಂದಿರುವ ನಿಯಮಗಳು. ಅದರಲ್ಲಿ ಮೊದಲನೆಯದೇ, ಎಲ್ಲಿಗೆ ಹೋಗುತ್ತೀರೆಂದು ಯೋಜನೆ ಮಾಡಿ, ಯಾರಿಗಾದರೂ ಹೇಳಿ ಹೋಗಿ. "ಯಾರಿಗಾದರೂ ಅಂದಿದ್ದಾರೆ, ತೀರ್ಥಹಳ್ಳಿ ತಾಲೂಕಿಗೆಲ್ಲ ಅಂದಿಲ್ಲ" ಎಂದು ಇವಳು ಗೊಣಗಿದರೂ ನಕ್ಷೆಯ ಮೇಲಿನ ಆ ಚುಕ್ಕಿ ಹಾಕಿಕೊಂಡೇ ಹೊರಟಳು. ಡಿಕ್ಕಿಯಲ್ಲಿ ಟೆಂಟು, ಚಟ್ನಿಪುಡಿ, ಗೊಜ್ಜವಲಕ್ಕಿ, ಅಮ್ಮ ಕಣ್ತಪ್ಪಿಸಿ ತುರುಕಿದ ಅರಿಸಿನಪುಡಿ. ಕಾರು ಕರೆಂಟಿನದು. ಚಾರ್ಜ್ ಮುಗಿದರೆ ಏನು ಗತಿ ಎಂದು ಅಮ್ಮ ಕೇಳಿದ್ದಕ್ಕೆ, ಬೆಟ್ಟ ಇಳಿಯುವಾಗ ಬ್ಯಾಟರಿ ಮತ್ತೆ ಸ್ವಲ್ಪ ತುಂಬಿಕೊಳ್ಳುತ್ತದೆ ಎಂದೆ. ಇಳಿದರೆ ದುಡ್ಡು ವಾಪಸ್ ಕೊಡುವ ಗಾಡಿ ಎಂದು ಅವಳಿಗೆ ಅದರ ಮೇಲೆ ಗೌರವ ಬಂತು.

ಟೆಂಟಿನ ಬಗ್ಗೆ ಮಾತ್ರ ಅವಳಿಗೆ ಸಮಾಧಾನವಾಗಲಿಲ್ಲ. ಯಾರ ಜಮೀನಿನಲ್ಲಿ ಹಾಕ್ತಾಳೆ, ಯಾರನ್ನು ಕೇಳ್ತಾಳೆ? ಯಾರನ್ನೂ ಕೇಳಬೇಕಿಲ್ಲ. 1957ರ ಕಾಯಿದೆಯ ಪ್ರಕಾರ ಉಳುಮೆಯಿಲ್ಲದ ಬಯಲು ಜಾಗದಲ್ಲಿ ಯಾರು ಬೇಕಾದರೂ ನಡೆಯಬಹುದು, ಮಲಗಬಹುದು. ಜನವಸತಿಯ ಮನೆಯಿಂದ 150 ಮೀಟರ್ ದೂರ ಇರಬೇಕು, ಅಷ್ಟೆ. ಅಮ್ಮ ಬಹಳ ಹೊತ್ತು ಸುಮ್ಮನಿದ್ದಳು. ಬೇಲಿ ಒಂದು ಗೇಣು ಸರಿದದ್ದಕ್ಕೆ ತೀರ್ಥಹಳ್ಳಿಯ ಕೋರ್ಟಿಗೆ ಅಲೆದ ಮನೆತನ ನಮ್ಮದು.

ಮೊದಲ ಚಾರಣ ಟ್ರೋಲ್‌ಟುಂಗಾ. ರಿಂಗೆಡಾಲ್ಸ್‌ವಾಟ್ನೆ ಎಂಬ ಸರೋವರದ ಮೇಲೆ, ಸುಮಾರು 700 ಮೀಟರ್ ಎತ್ತರದಲ್ಲಿ, ಗಾಳಿಗೆ ನಾಲಗೆ ಚಾಚಿರುವ ಬಂಡೆ. ಶೆಗ್ಗೆಡಾಲ್‌ನಿಂದ ಹೋಗಿಬರಲು 28 ಕಿಲೋಮೀಟರ್, ಹತ್ತರಿಂದ ಹನ್ನೆರಡು ಗಂಟೆ. ಬೆಳಗಿನ ಜಾವ ಚುಕ್ಕಿ ಹೊರಟಿತು. ಅಮ್ಮ ಫೋನನ್ನು ದೇವರ ಮುಂದೆ ಒರಗಿಸಿಟ್ಟಳು. ಮಧ್ಯಾಹ್ನದವರೆಗೂ ಚುಕ್ಕಿ ಸರಿಯಾಗಿಯೇ ನಡೆಯಿತು. ಆಮೇಲೆ ಬಂಡೆಯ ಹತ್ತಿರ ಹೋಗಿ ನಿಂತುಬಿಟ್ಟಿತು. ಹತ್ತು ನಿಮಿಷ. ಅರ್ಧ ಗಂಟೆ. ಒಂದು ಗಂಟೆ. ಬಸವನಗುಡಿಯಿಂದ ಭಾವ ಬರೆದರು: "ಚುಕ್ಕಿ ಯಾಕೆ ಅಲ್ಲಾಡ್ತಿಲ್ಲ?" ಅಮ್ಮ ದೀಪಕ್ಕೆ ಎಣ್ಣೆ ಹಾಕಿದಳು. ಕೊನೆಗೆ ಫೋಟೋ ಬಂತು: ಬಂಡೆಯ ತುದಿಯಲ್ಲಿ ಇವಳು, ಎರಡೂ ಕೈ ಮೇಲೆ. ಅಷ್ಟು ಹೊತ್ತು ಅವಳು ನಿಂತಿದ್ದು ಫೋಟೋದ ಸರತಿಯಲ್ಲಿ. ಆ ಏಕಾಂತದ ಫೋಟೋ ಬೇಕೆಂದರೆ ಹಂಗಾಮಿನಲ್ಲಿ ಪಡಿತರ ಅಂಗಡಿಯ ಮುಂದಿನಂತೆ ಸಾಲಿನಲ್ಲಿ ನಿಲ್ಲಬೇಕು.

ಗ್ರೂಪಿನಲ್ಲಿ ಶಭಾಷ್‌ಗಳ ನಡುವೆ ಮೈಸೂರಿನಿಂದ ಅತ್ತೆಯ ಪ್ರಶ್ನೆ ಬಂದು ಬಿತ್ತು: "ಒಬ್ಬಳೇ ಹೋಗಿದಾಳೆ ಅಂದ್ರಿ. ಫೋಟೋ ತೆಗೆದವರು ಯಾರು?"

ಗ್ರೂಪು ಮೌನವಾಯಿತು. ಬಿಸಿಬೇಳೆಬಾತ್ ತಂದವರ ಮುಖ ನನ್ನ ಕಣ್ಣ ಮುಂದೆ ಬಂತು. ಸಾಲಿನಲ್ಲಿ ಹಿಂದಿದ್ದವರು ಮುಂದಿದ್ದವರಿಗೆ ತೆಗೆದುಕೊಡುವ ಪದ್ಧತಿಯಿದೆ, ತೆಗೆದದ್ದು ಜರ್ಮನಿಯ ಅಜ್ಜಿಯೊಬ್ಬರು, ಎಂದು ಇವಳು ವಿವರಣೆ ಕಳಿಸುವ ಹೊತ್ತಿಗೆ ಇನ್ನೊಂದು ಅನಾಹುತ ಆಯಿತು. ಲೈವ್ ಲೊಕೇಶನ್ನಿಗೆ ಆಯಸ್ಸು ಒಂದು ಸಲಕ್ಕೆ ಎಂಟೇ ಗಂಟೆ. ಟ್ರೋಲ್‌ಟುಂಗಾಕ್ಕೆ ಹನ್ನೆರಡು ಬೇಕು. ವಾಪಸು ಬರುವ ದಾರಿಯಲ್ಲಿ, ಬೋಳು ಬಂಡೆಗಳ ನಡುವೆ, ಚುಕ್ಕಿ ಪಟ್ಟನೆ ಮಾಯವಾಯಿತು. ಆಮೇಲಿನ ಗಂಟೆಗಳನ್ನು ನಾನು ವಿವರಿಸುವುದಿಲ್ಲ. ನಾಲ್ಕು ದೇವರಿಗೆ ಹರಕೆ ಹೊತ್ತಾಗಿತ್ತು, ಅದರಲ್ಲಿ ಎರಡು ದೇವಸ್ಥಾನಕ್ಕೆ ನಾನೇ ಹೋಗಿ ಉರುಳಬೇಕಿದೆ.

ಮರುದಿನ ಎಲ್ಲರೂ ಪಾಠ ಕಲಿತು ಶಾಂತರಾಗಿದ್ದರು. ಚುಕ್ಕಿ ಹಣ್ಣಿನ ತೋಟಗಳ ಪಕ್ಕದಲ್ಲಿ ಸಾಗಿ, ಹಾರ್ಡಾಂಗರ್ ಸೇತುವೆ ದಾಟಿತು. ಆ ಸೇತುವೆಯ ಎರಡೂ ತುದಿ ಬೆಟ್ಟದೊಳಗೇ ಹೊಕ್ಕು, ಸುರಂಗದ ಒಳಗೆ ವೃತ್ತವೇ ಇದೆ. ಸಿಗ್ನಲ್ಲಿಲ್ಲ, ಮಧ್ಯದಲ್ಲಿ ಯಾರ ಪ್ರತಿಮೆಯೂ ಇಲ್ಲ. ಔರ್ಲಾಂಡ್ ದಾಟಿದ ಮೇಲೆ ಚುಕ್ಕಿ ಮತ್ತೆ ನಿಂತಿತು. ಲಾರ್ಡಾಲ್ ಸುರಂಗ, 24.5 ಕಿಲೋಮೀಟರ್, ಜಗತ್ತಿನ ಅತಿ ಉದ್ದದ ರಸ್ತೆ ಸುರಂಗ. ಓಡಿಸುವವರು ತೂಕಡಿಸದಿರಲೆಂದು ನಡುವೆ ಮೂರು ಕಡೆ ಗುಹೆಯಂತೆ ಅಗಲ ಮಾಡಿ ನೀಲಿ ದೀಪ ಹಾಕಿದ್ದಾರೆ. ಅಜ್ಜಿಗೆ ಧೈರ್ಯ ತುಂಬಲು ಮಗಳು ಹೇಳಿದ್ದು ಮಾತ್ರ ಬೇರೆ ಕತೆ. 2013ರಲ್ಲಿ ಉತ್ತರದ ಒಂದು ಸುರಂಗದಲ್ಲಿ ಸುಮಾರು 27 ಟನ್ ಕಂದು ಚೀಸ್ ಹೊತ್ತ ಲಾರಿಗೆ ಬೆಂಕಿ ಬಿದ್ದು, ಚೀಸು ದಿನಗಟ್ಟಲೆ ಉರಿಯಿತಂತೆ. "ಆದರೆ ಯಾರಿಗೂ ಏನೂ ಆಗಲಿಲ್ಲ ಅಜ್ಜೀ!" ಕಂದು ಚೀಸೆಂದರೆ ಹಾಲೊಡೆದ ನೀರನ್ನು ಕುದಿಸಿ ಕುದಿಸಿ ಗಟ್ಟಿ ಮಾಡಿದ್ದು, ಅಮ್ಮ ದಿನಾ ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನುವುದು. ಅಂದಿನಿಂದ ಅದನ್ನು ಒಲೆಯ ಹತ್ತಿರ ಇಡುತ್ತಿಲ್ಲ.

ಸುರಂಗ ಮುಗಿಸಿ ಚುಕ್ಕಿ ಹೊರಬಂತು. ಅಮ್ಮ ಉಸಿರು ಬಿಟ್ಟಳು. ಚುಕ್ಕಿ ಫೋಡ್ನೆಸ್ ತನಕ ಹೋಯಿತು, ಅಲ್ಲಿ ರಸ್ತೆ ಮುಗಿಯಿತು, ಆದರೆ ಚುಕ್ಕಿ ನಿಲ್ಲಲಿಲ್ಲ. ಸೀದಾ ನೀಲಿ ಬಣ್ಣದೊಳಗೆ ಹೊರಟಿತು.

"ಮಾರಾಯಾ! ಚುಕ್ಕಿ ನೀರಿಗಿಳೀತು!"

ಬಸವನಗುಡಿಯ ಭಾವ ಆಗಲೇ ಬರೆದಿದ್ದರು: "ಪಕ್ಕದಲ್ಲಿ ಸುತ್ತಿ ಹೋಗೋ ರಸ್ತೆ ಇಲ್ವಾ? ನೀರಲ್ಲಿ ಯಾಕೆ?" ಫೆರಿ ಅಮ್ಮಾ, ಕಾರುಗಳನ್ನು ಹೊತ್ತು ಮಾನ್‌ಹೆಲ್ಲರ್‌ಗೆ ದಾಟಿಸುತ್ತದೆ, ಕಾಲು ಗಂಟೆಯ ದಾರಿ ಎಂದು ನಾನು ಹೇಳುತ್ತಿರುವಾಗಲೇ ಮಗಳು ಇನ್ನೊಂದು ಸಾಂತ್ವನ ಸೇರಿಸಿದಳು. ಹಿಮಯುಗದಲ್ಲಿ ಹಿಮನದಿಗಳು ನೆಲವನ್ನು ಸಮುದ್ರಮಟ್ಟಕ್ಕಿಂತ ಕೆಳಗೆ ಕೆತ್ತಿದ್ದರಿಂದ ಸೋಗ್ನೆಫ್ಯೋರ್ಡ್ ಅತಿ ಆಳದ ಕಡೆ 1,303 ಮೀಟರ್ ಇದೆ. ಅಮ್ಮ ಮೊಮ್ಮಗಳನ್ನು ನೋಡಿದ ನೋಟಕ್ಕೆ ಫ್ಯೋರ್ಡ್ ಇನ್ನೊಂದಷ್ಟು ಆಳವಾಗಿರಬಹುದು.

ಯೋತುನ್‌ಹೇಮೆನ್ ಪರ್ವತಗಳಲ್ಲಿ ಸಿಗ್ನಲ್ಲಿಲ್ಲದೆ ಚುಕ್ಕಿಗೂ ನಮಗೂ ರಜೆ ಸಿಕ್ಕಿತು. ಅಲ್ಲಿ ಇವಳು ಉಳಿದದ್ದು ಪ್ರವಾಸಿ ಸಂಘದ ಗುಡಿಸಲಿನಲ್ಲಿ. 1868ರಲ್ಲಿ ಹುಟ್ಟಿದ ಸಂಘ; ದೇಶದ ಬೆಟ್ಟಗಳ ತುಂಬ ಕಲ್ಲುಗಳ ಮೇಲೆ ಕೆಂಪು ಟೀ ಅಕ್ಷರ ಬಳಿದು ದಾರಿ ತೋರಿಸುವುದು ಅವರೇ. ಸದಸ್ಯರ ಬಳಿ ಒಂದು ಕೀಲಿ, ಬೀಗ ಹಾಕಿದ ಅನೇಕ ಗುಡಿಸಲುಗಳಿಗೆ ಅದೇ ಕೀಲಿ. ಒಳಗೆ ಸೌದೆ, ಹಾಸಿಗೆ, ಉಗ್ರಾಣದಲ್ಲಿ ಡಬ್ಬಿ ಆಹಾರ. ಬೇಕಾದ್ದು ತಿಂದು, ತಿಂದದ್ದು ಬರೆದು, ದುಡ್ಡು ಕಟ್ಟಿ, ಗುಡಿಸಿ ಒರೆಸಿ ಹೋಗಬೇಕು. ಉಗ್ರಾಣದ ಫೋಟೋ ನೋಡಿ ಅಮ್ಮ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರನ್ನು ಹುಡುಕಿದಳು. ನನಗೆ ಕಾಲೇಜು ದಿನಗಳ ಕುಮಾರ ಪರ್ವತ, ಭಟ್ಟರ ಮನೆಯ ಊಟ ನೆನಪಾಯಿತು. ಅಲ್ಲಿ ಬಡಿಸುವವರಾದರೂ ಇದ್ದರು, ಇನ್ನೊಂದು ಸೌಟು ಸಾಂಬಾರು ಕೇಳಬಹುದಿತ್ತು.

ಇವಳಿಗೆ ಅಚ್ಚರಿಯಾದದ್ದು ಜನ. ಆಸ್ಲೋದ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂರುವುದಕ್ಕಿಂತ ನಿಂತೇ ಹೋಗುವ ಇದೇ ನಾರ್ವೇಜಿಯನ್ನರು ಬೆಟ್ಟದಲ್ಲಿ ಎದುರಾದರೆ ನಕ್ಕು ಮಾತಾಡಿಸುತ್ತಾರೆ, ಗುಡಿಸಲಿನಲ್ಲಿ ಒಂದೇ ಕೋಣೆಯಲ್ಲಿ ಮಹಡಿ ಮಂಚಗಳ ಮೇಲೆ ಒಟ್ಟಿಗೆ ಮಲಗಿ ಗೊರಕೆ ಹೊಡೆಯುತ್ತಾರೆ. ಮನುಷ್ಯರಿಂದ ತಪ್ಪಿಸಿಕೊಳ್ಳಲು ಬೆಟ್ಟಕ್ಕೆ ಬಂದವರು ಅಲ್ಲಿ ಮನುಷ್ಯರನ್ನು ಕಂಡು ಇಷ್ಟು ಖುಷಿಪಡುವುದು ನನಗೆ ಇನ್ನೂ ಅರ್ಥವಾಗಿಲ್ಲ. ಇವಳ ಚಟ್ನಿಪುಡಿ ಖಾಲಿಯಾದದ್ದೂ ಅಲ್ಲೇ.

ಗೈರಾಂಗರ್‌ನಿಂದ ಮೇಲೇರುವ ಹದ್ದಿನ ರಸ್ತೆಗೆ ಹನ್ನೊಂದು ತಿರುವು. ಮುಂದೆ ಟ್ರೋಲ್‌ಸ್ಟಿಗನ್, 1936ರಲ್ಲಿ ದೊರೆ ಏಳನೆಯ ಹೋಕನ್ ಉದ್ಘಾಟಿಸಿದ್ದು, ಅದಕ್ಕೂ ಹನ್ನೊಂದು. ಜಗತ್ತಿನ ಪ್ರವಾಸಿಗರು ಬೆರಗಾಗುವ ರಸ್ತೆ ಎಂದು ನಾನು ಹೇಳಿದೆ. "ಹನ್ನೊಂದನಾ?" ಎಂದಳು ಅಮ್ಮ. "ನಮ್ಮ ಆಗುಂಬೆ ಘಾಟಿಗೆ ಹದಿನಾಲ್ಕು. ಬಸ್ಸಿನಲ್ಲೇ ಹೋಗ್ತೀವಿ, ಯಾವ ದೊರೇನೂ ಬರ್ಲಿಲ್ಲ." ಬರ್ಗನ್ ನಗರದ ಮಳೆಯ ಲೆಕ್ಕವನ್ನೂ ಅವಳು ಹೀಗೇ ತಿರಸ್ಕರಿಸಿದ್ದಳು. ಅಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್ ಚಿಲ್ಲರೆ. ಆಗುಂಬೆಯಲ್ಲಿ ಏಳು ಸಾವಿರ.

ಓಂಡಾಲ್ಸ್‌ನೆಸ್‌ನಲ್ಲಿ ರೋಮ್ಸ್‌ಡಾಲ್ಸೆಗ್ಗನ್ ಎಂಬ ಬೆಟ್ಟದ ಏಣು ಹತ್ತಲು ಹೋದವಳು ಗಾಳಿ ಜೋರಾಯಿತೆಂದು ಅರ್ಧಕ್ಕೇ ತಿರುಗಿ ಬಂದಳು. ಒಂಬತ್ತರಲ್ಲಿ ಎಂಟನೇ ನಿಯಮ: ಹೊತ್ತು ಮೀರುವ ಮೊದಲು ಹಿಂತಿರುಗಿ, ಅದರಲ್ಲಿ ನಾಚಿಕೆಯಿಲ್ಲ. ಗ್ರೂಪಿನಲ್ಲಿ "ಅಯ್ಯೋ, ಅಷ್ಟು ದೂರ ಹೋಗಿ!" ಎಂಬ ಉದ್ಗಾರಗಳು. ಅಮ್ಮ ಮಾತ್ರ ಆ ನಿಯಮ ಬರೆದವರು ಯಾರೋ ತಿಳಿದವರು ಅಂದಳು. ಅವಳ ಪ್ರಕಾರ ಆ ನಿಯಮವನ್ನು ನಮ್ಮ ಮದುವೆ ಮಾತುಕತೆಗಳಲ್ಲೂ ಓದಿಹೇಳಬೇಕು.

ಅಂದು ಸಂಜೆ ಫೋನ್ ಮಾಡಿದಾಗ ಇವಳು, "ಗಾಡಿ ಓಡಿಸ್ತಿದೀನಿ, ಬ್ಯಾಟರಿ ಬೇರೆ ಕಮ್ಮಿ, ನಾಳೆ ಮಾತಾಡ್ತೀನಿ" ಎಂದು ಇಟ್ಟಳು. ಚುಕ್ಕಿಯೂ ಆರಿತು. ಮರುದಿನ ರಾತ್ರಿ ಮೂಗು ಕೆಂಪಾಗಿ, ಬಹಳ ಪ್ರಸನ್ನವಾಗಿ ಮನೆಗೆ ಬಂದಳು.

ನಾರ್ವೆಯ ರಸ್ತೆಗಳಲ್ಲಿ ಟೋಲಿಗೆಂದು ಯಾರೂ ಅಡ್ಡ ನಿಲ್ಲಿಸುವುದಿಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ನೋಡಿಕೊಳ್ಳುತ್ತದೆ, ಫೆರಿಯಲ್ಲೂ ಅಷ್ಟೆ, ವಾರಗಳು ಕಳೆದ ಮೇಲೆ ಸ್ಥಳ, ಸಮಯ ಸಮೇತ ಬಿಲ್ಲು ಬರುತ್ತದೆ. ಅಮ್ಮ ಅದನ್ನು ಮೊಮ್ಮಗಳಿಂದ ಸಾಲು ಸಾಲಾಗಿ ಓದಿಸಿದಳು. ಎಲ್ಲ ತಾಳೆಯಾಯಿತು, ಆ ಸಂಜೆ ಒಂದರ ಹೊರತು. ವೆಸ್ಟ್‌ನೆಸ್‌ನಿಂದ ಮೋಲ್ಡೆ. ಮೋಲ್ಡೆಯಿಂದ ವೆಸ್ಟ್‌ನೆಸ್. ಮತ್ತೆ ವೆಸ್ಟ್‌ನೆಸ್‌ನಿಂದ ಮೋಲ್ಡೆ. ಮತ್ತೆ ವಾಪಸ್.

"ಏನು ಬಿಟ್ಟು ಬಂದಿದ್ಯೆ ಅಲ್ಲಿ?"

ಇವಳು ಸಿಕ್ಕಿಬಿದ್ದಳು. ಆ ಕಡೆಯ ಫೆರಿಗಳಲ್ಲಿ ಸ್ವೇಲೆ ಎಂಬ ದಪ್ಪನೆಯ ಮೆತ್ತನೆಯ ದೋಸೆ ಮಾಡುತ್ತಾರೆ, ಬಿಸಿಬಿಸಿ, ಬೆಣ್ಣೆ-ಸಕ್ಕರೆ ಹಚ್ಚಿ ಮಡಚಿ ಕೊಡುತ್ತಾರೆ. ಅರ್ಧ ಗಂಟೆಗೂ ಮೇಲೆ ಕಿಟಕಿ ಪಕ್ಕ ಕೂತು, ಸ್ವೇಲೆ ತಿಂದು, ಕಾಫಿಯನ್ನು ಬಿಸಿ ಇರುವಾಗಲೇ ಕುಡಿಯಬಹುದು. ಗಾಡಿಯನ್ನು ದೋಣಿ ಓಡಿಸುತ್ತಿರುತ್ತದೆ. ದಡ ಬಂದರೆ ಇಳಿದು, ತಿರುಗಿಸಿ, ಮತ್ತೆ ಸಾಲಿನಲ್ಲಿ ನಿಂತರಾಯಿತು.

ಅಮ್ಮ ಬಿಲ್ಲನ್ನು ಮಡಚಿದಳು, ಬಿಚ್ಚಿದಳು. ಮೈಸೂರಿನ ಅತ್ತೆಗೆ ಏನು ಹೇಳುವುದೆಂದು ನಾನು ಆಗಲೇ ಯೋಚಿಸತೊಡಗಿದ್ದೆ.

"ಆ ದೋಸೆಗೆ ಮೊಟ್ಟೆ ಹಾಕ್ತಾರನಾ?"

"ಹಾಕ್ತಾರೆ ಅತ್ತೆ."

"ಹಂಗಾದ್ರೆ ಕಾಫಿ ಸಾಕು ನಂಗೆ."

ಆಸ್ಲೋದಿಂದ ಮೋಲ್ಡೆಗೆ ಹತ್ತಿರ ಹತ್ತಿರ ಐನೂರು ಕಿಲೋಮೀಟರ್ ಎಂದು ನಾನು ಹೇಳುವಷ್ಟರಲ್ಲಿ ಅಮ್ಮ ಒಳಗೆ ಸ್ವೆಟರ್ ಹುಡುಕುತ್ತಿದ್ದಳು.