ಯಂತ್ರಾನುಗ್ರಹ ವಕೀಲರು

ಬೆಂಗಳೂರಿನ ನಗರ ಸಿವಿಲ್ ನ್ಯಾಯಾಲಯದ ಮೆಟ್ಟಿಲುಗಳ ಮೇಲಾಗಲಿ, ತಾಲ್ಲೂಕು ಕೇಂದ್ರದ ವಕೀಲರ ಸಂಘದ ಕ್ಯಾಂಟೀನಿನಲ್ಲಾಗಲಿ ಈಚೆಗೆ ಕಾಣಸಿಗುವ ಯಂತ್ರಾನುಗ್ರಹ ವಕೀಲರನ್ನು ಗುರುತಿಸುವುದು ಕಷ್ಟವಲ್ಲ. ಕರಿಕೋಟು, ಬಿಳಿ ಬ್ಯಾಂಡು, ಕಂಕುಳಲ್ಲಿ ಕಡತ ಎಲ್ಲವೂ ಹಿಂದಿನಂತೆಯೇ ಇದ್ದು, ಕಕ್ಷಿದಾರ ತನ್ನ ಸಂಕಟ ಹೇಳಲಾರಂಭಿಸಿದೊಡನೆ ಎಡಗೈ ಮೇಜಿನ ಕೆಳಗಿಳಿದು ಫೋನಿನ ಮೇಲೆ ಓಡಾಡತೊಡಗುತ್ತದೆ ಎಂಬುದಷ್ಟೇ ವ್ಯತ್ಯಾಸ. ಅವರ ಪೂರ್ವಸೂರಿಗಳು ಇಂಥ ಗಳಿಗೆಯಲ್ಲಿ ಕಣ್ಣು ಮುಚ್ಚಿ, ‘ಇದಕ್ಕೊಂದು ಸುಪ್ರೀಂ ಕೋರ್ಟಿನ ತೀರ್ಪಿದೆ, ತೆಗೆದು ನೋಡಬೇಕು’ ಎಂದು ಮುಂಗಡ ಪಡೆಯುತ್ತಿದ್ದರು. ಇವರು ಆ ತೀರ್ಪನ್ನು ಉಭಯ ಪಕ್ಷಕಾರರ ಹೆಸರು, ವರ್ಷ, ಪುಟಸಂಖ್ಯೆ ಸಮೇತ ಅಲ್ಲಿಯೇ ಹೇಳಿಬಿಡುತ್ತಾರೆ. ಅಂಥ ತೀರ್ಪು ಇದೆಯೇ ಎಂಬುದು ಬೇರೆ ವಿಚಾರಣೆಯ ವಿಷಯ.

ಇವರ ಇಷ್ಟದೈವವಾದ ಉತ್ಪಾದಕ ಕೃತಕ ಬುದ್ಧಿಮತ್ತೆ, ಅಂದರೆ ಅಪಾರ ಪಠ್ಯರಾಶಿಯಿಂದ ಕಲಿತು, ಬರೆದ ಮಾತಿನ ಮುಂದೆ ಯಾವ ಮಾತು ಬರುವ ಸಂಭವ ಹೆಚ್ಚೆಂದು ಲೆಕ್ಕ ಹಾಕುತ್ತ ವಾಕ್ಯ ಕಟ್ಟುವ ಗಣಕ ವ್ಯವಸ್ಥೆ, ಸತ್ಯಾಸತ್ಯಗಳ ತಂಟೆಗೆ ತಾನಾಗಿ ಹೋಗುವುದಿಲ್ಲ. ಇಂಥವನು ವಿರುದ್ಧ ಅಂಥವನು, ಇಂತಿಷ್ಟನೆಯ ಸಂಪುಟ, ಇಂತಿಷ್ಟನೆಯ ಪುಟ ಎಂಬ ಅಚ್ಚುಕಟ್ಟಾದ ಮಾದರಿಯಲ್ಲಿ ಬರುವ ತೀರ್ಪಿನ ಉಲ್ಲೇಖವಂತೂ ಅನುಕರಣೆಗೆ ಹೇಳಿ ಮಾಡಿಸಿದ್ದು; ಆದ್ದರಿಂದ ಇಲ್ಲದ ತೀರ್ಪುಗಳು ಇರುವ ತೀರ್ಪುಗಳಷ್ಟೇ ಲಕ್ಷಣವಾಗಿ ಹುಟ್ಟಿಬರುತ್ತವೆ. ತಂತ್ರಜ್ಞರು ಇದನ್ನು ಯಂತ್ರದ ಭ್ರಾಂತಿ ಎನ್ನುತ್ತಾರೆ. ಆದರೆ ವಕೀಲರು ಇದನ್ನು ಪತ್ತೆ ಹಚ್ಚಲಾರದೆ ಹೋಗುವುದಕ್ಕೆ ಕಾರಣ ಯಂತ್ರದಲ್ಲಿಲ್ಲ. ತಿಳಿಯದ ವಿಷಯವನ್ನು ತಿಳಿದವರಿಗಿಂತ ದೃಢವಾಗಿ ಹೇಳುವುದು, ಹಳೆಯ ಅರ್ಜಿಯಲ್ಲಿ ಹೆಸರು ಬದಲಿಸಿ ಹೊಸ ಅರ್ಜಿ ಸಿದ್ಧಪಡಿಸುವುದು, ಆಧಾರ ತೆಳುವಾದ ಕಡೆ ‘ಇದು ಸುಸ್ಥಾಪಿತ ತತ್ತ್ವ’ ಎಂದು ಸೇರಿಸುವುದು, ಇವೆಲ್ಲ ವೃತ್ತಿಯ ಪ್ರಾಚೀನ ವಿದ್ಯೆಗಳು. ಯಂತ್ರ ಓದಿಕೊಂಡದ್ದರಲ್ಲಿ ವಕೀಲರ ಬರಹವೂ ಸೇರಿದ್ದರಿಂದ ಅದು ಅವರದೇ ದನಿಯಲ್ಲಿ ಮಾತಾಡುತ್ತದೆ, ತನ್ನ ದನಿಯನ್ನು ಯಾರು ಅನುಮಾನಿಸುತ್ತಾರೆ?

ಈ ಪಂಗಡದ ಆದ್ಯರು ನ್ಯೂಯಾರ್ಕಿನವರು. ವಿಮಾನದಲ್ಲಿ ತಿಂಡಿಯ ಲೋಹದ ಗಾಡಿ ತಗುಲಿ ಮೊಣಕಾಲಿಗೆ ಪೆಟ್ಟಾಯಿತೆಂದು ರಾಬರ್ಟೊ ಮಾಟಾ ಎಂಬ ಪ್ರಯಾಣಿಕರು ಏವಿಯಾಂಕಾ ಸಂಸ್ಥೆಯ ಮೇಲೆ ಹೂಡಿದ ದಾವೆಯಲ್ಲಿ, ಅವರ ವಕೀಲರು ಚಾಟ್‌ಜಿಪಿಟಿ ಕೊಟ್ಟ ತೀರ್ಪುಗಳನ್ನು ಸಲ್ಲಿಸಿದರು. ಎದುರು ಪಕ್ಷದವರಿಗೆ ಅವು ಎಲ್ಲಿ ಹುಡುಕಿದರೂ ಸಿಗಲಿಲ್ಲ. ಅವುಗಳಲ್ಲೊಂದು ವರ್ಗೀಸ್ ವಿರುದ್ಧ ಚೈನಾ ಸದರ್ನ್ ಏರ್‌ಲೈನ್ಸ್. ವರ್ಗೀಸ್ ಎಂಬ ಮಲಯಾಳಿ ಹೆಸರನ್ನು ಯಂತ್ರ ಚೀನಾದ ವಿಮಾನಕ್ಕೆ ಹತ್ತಿಸಿದ ಕ್ರಮವನ್ನು ಕಾದಂಬರಿಕಾರರೂ ಮೆಚ್ಚಬೇಕು. ಇದು ನಿಜವಾದ ಪ್ರಕರಣವೇ ಎಂದು ವಕೀಲರು ಮತ್ತೆ ಯಂತ್ರವನ್ನೇ ಕೇಳಿದ್ದರು, ಹೌದೆಂದು ಅದು ಭರವಸೆ ಕೊಟ್ಟಿತ್ತು; ಆರೋಪಿಯನ್ನೇ ಸಾಕ್ಷಿಯಾಗಿ ಕರೆದು ಅವನ ಮಾತಿಗೆ ತೃಪ್ತರಾದ ವಕೀಲರು ಇತಿಹಾಸದಲ್ಲಿ ವಿರಳ. 2023ರ ಜೂನ್‌ನಲ್ಲಿ ನ್ಯಾಯಾಧೀಶ ಕೆವಿನ್ ಕ್ಯಾಸ್ಟೆಲ್ ಅವರು 5,000 ಡಾಲರ್ ದಂಡ ವಿಧಿಸಿ, ಇಲ್ಲದ ತೀರ್ಪುಗಳನ್ನು ಬರೆದವರೆಂದು ಹೆಸರಿಸಲ್ಪಟ್ಟ ನ್ಯಾಯಾಧೀಶರಿಗೆಲ್ಲ ಪತ್ರ ಬರೆದು ವಿಷಯ ತಿಳಿಸಬೇಕೆಂದೂ ಆದೇಶಿಸಿದರು.

ಬೆಂಗಳೂರು ಇದರಲ್ಲಿಯೂ ಹಿಂದೆ ಬೀಳಲಿಲ್ಲ. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಇಲ್ಲಿನ ಪೀಠ 2024ರ ಡಿಸೆಂಬರ್‌ನಲ್ಲಿ ಹೊರಡಿಸಿದ ಆದೇಶವೊಂದನ್ನು, ಅದರಲ್ಲಿದ್ದ ಕೆಲವು ತೀರ್ಪುಗಳು ಅಸ್ತಿತ್ವದಲ್ಲೇ ಇಲ್ಲವೆಂದು ತಿಳಿದ ಮೇಲೆ ಹಿಂತೆಗೆದುಕೊಳ್ಳಬೇಕಾಯಿತು. 2025ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್, ನಗರದ ವಿಚಾರಣಾ ನ್ಯಾಯಾಲಯವೊಂದರ ಆದೇಶದಲ್ಲಿ ಯಾರೂ ಎಂದೂ ಕೊಡದ ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಕಂಡು ಕ್ರಮಕ್ಕೆ ಸೂಚಿಸಿತು. ಯಂತ್ರಾನುಗ್ರಹ ವಕೀಲರು ಈ ಸುದ್ದಿಗಳನ್ನು ಓದಿ ಎಚ್ಚರಗೊಂಡರೆನ್ನುವಂತಿಲ್ಲ. ಪೀಠದ ಮೇಲೂ ಸಮಾನಧರ್ಮಿಗಳು ಇರಬಹುದೆಂಬ ಊಹೆಯಿಂದ ಅವರಿಗೆ ಒಂದು ಬಗೆಯ ನೆಮ್ಮದಿಯೇ ಆಯಿತು.

ಹಿರಿಯ ವಕೀಲರ ಕಚೇರಿಗಳಲ್ಲಿ ಯಂತ್ರಭಕ್ತಿಗೆ ಅರ್ಥಶಾಸ್ತ್ರದ ಬೆಂಬಲವಿದೆ. ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮಾಂತರದಲ್ಲಿ 15,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಶಿಫಾರಸು ಮಾಡಿತು. ಮರುವರ್ಷ ಆಗಸ್ಟ್‌ನಲ್ಲಿ ಚಾಟ್‌ಜಿಪಿಟಿಯ ಅಗ್ಗದ ಚಂದಾ 399 ರೂಪಾಯಿಗೆ ಭಾರತಕ್ಕೆ ಬಂದಿತು. ಶಿಫಾರಸನ್ನು ಓದಲು ಸಮಯ ಸಿಗದ ಹಿರಿಯರಿಗೆ ಚಂದಾದರ ಬಾಯಿಪಾಠವಾಗಿದೆ. ಯಂತ್ರ ಮದುವೆಗೆ ರಜೆ ಕೇಳುವುದಿಲ್ಲ, ಕಕ್ಷಿದಾರರನ್ನು ಜೊತೆಗೆ ಕರೆದುಕೊಂಡು ಹೋಗಿ ಎದುರು ಬೀದಿಯಲ್ಲಿ ಸ್ವಂತ ಬೋರ್ಡು ಹಾಕುವುದಿಲ್ಲ. ಆದರೆ ವಾಯಿದೆ ಕೇಳಲು, ಅಂದರೆ ನ್ಯಾಯಾಧೀಶರ ಮುಂದೆ ಎದ್ದು ನಿಂತು ‘ಸೀನಿಯರ್ ಪಕ್ಕದ ಹಾಲಿನಲ್ಲಿದ್ದಾರೆ, ಬೇರೆ ದಿನಾಂಕ ಕೊಡಿ’ ಎಂದು ಬೈಸಿಕೊಳ್ಳಲು, ಅದು ಇನ್ನೂ ಕಲಿತಿಲ್ಲವಾದ್ದರಿಂದ ಕಿರಿಯರ ಹುದ್ದೆ ಸದ್ಯಕ್ಕೆ ಉಳಿದಿದೆ.

ಈ ವಕೀಲರ ದಾವಾಪತ್ರವನ್ನು ಹತ್ತಿರದಿಂದ ನೋಡುವುದು ಉಪಯುಕ್ತ. ಪಕ್ಷಕಾರರು ಮುಖ್ಯ ಸಂಗತಿಗಳನ್ನು ಮಾತ್ರ ಸಂಕ್ಷೇಪವಾಗಿ ಹೇಳಬೇಕೆಂಬುದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರನೆಯ ಆದೇಶದ ಎರಡನೆಯ ನಿಯಮ. ಹಿತ್ತಲ ಗೋಡೆಯೊಂದರ ವ್ಯಾಜ್ಯಕ್ಕೆ ಇವರ ಅರ್ಜಿ ಆಸ್ತಿಹಕ್ಕಿನ ಜಾಗತಿಕ ವಿಕಾಸದಿಂದ ಆರಂಭವಾಗಿ ಹದಿನೇಳನೆಯ ಪುಟದಲ್ಲಿ ಗೋಡೆಯನ್ನು ತಲುಪುತ್ತದೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದ್ದು ವಂಚನೆ 318ನೆಯ ಕಲಮಿಗೆ ಸ್ಥಳಾಂತರವಾಗಿದ್ದರೂ, ಹಳೆಯ ಪಠ್ಯವನ್ನೇ ಹೆಚ್ಚು ಉಂಡ ಯಂತ್ರ 420ನ್ನು ಬಿಡಲೊಲ್ಲದು. ಈ ಒಂದು ವಿಷಯದಲ್ಲಿ ಅದು ಸಂಪೂರ್ಣ ಕನ್ನಡಿಗ. ಕೊನೆಗೆ ಬರುವ ಚಕ್ಕುಬಂದಿ, ಅಂದರೆ ಆಸ್ತಿಯ ನಾಲ್ಕು ದಿಕ್ಕಿನ ಎಲ್ಲೆಗಳ ವಿವರ, ಯಂತ್ರದ ಪ್ರತಿಭೆ ಪೂರ್ಣವಾಗಿ ಅರಳುವ ಸ್ಥಳ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಕೆರೆ ಅಂಗಳ ಎಂದು ಕ್ರಯಪತ್ರದಲ್ಲಿದ್ದರೂ, ಹೇಳಲು ಮರೆತ ಉತ್ತರ ದಿಕ್ಕಿಗೆ ಅದು ತಾನೇ ಒಬ್ಬ ನೆರೆಯವನನ್ನು ಸೃಷ್ಟಿಸಿ, ಅವನಿಗೆ ತಂದೆಯ ಹೆಸರನ್ನೂ ಇಟ್ಟು ಸಂಸಾರಸ್ಥನನ್ನಾಗಿ ಮಾಡುತ್ತದೆ. ಇದನ್ನು ಕಂಡುಹಿಡಿಯುವವರು ಸಾಮಾನ್ಯವಾಗಿ ವಕೀಲರಲ್ಲ, ಕಚೇರಿಯ ಗುಮಾಸ್ತರು. ಅವರಿಗೆ ಕಾನೂನು ಗೊತ್ತಿರುವುದರಿಂದಲ್ಲ, ಕಕ್ಷಿದಾರನ ಊರು ಗೊತ್ತಿರುವುದರಿಂದ. ಅರ್ಜಿಯ ಕಡೆಯಲ್ಲಿ ‘ಇನ್ನಷ್ಟು ಪರಿಣಾಮಕಾರಿಯಾಗಿ ಬರೆದುಕೊಡಲೇ?’ ಎಂದು ಯಂತ್ರ ಕೇಳಿದ ಸಾಲು ಉಳಿದುಬಿಟ್ಟದ್ದನ್ನು, ಮೊಹರು ಒತ್ತಲು ಖಾಲಿ ಜಾಗ ಹುಡುಕುತ್ತ ನೋಡಿ ಬಿಳಿ ಶಾಯಿ ಬಳಿಯುವವರೂ ಅವರೇ.

ಈ ನಡುವೆ ಕಕ್ಷಿದಾರರ ಫೋನಿನಲ್ಲೂ ಅದೇ ಯಂತ್ರ ಬಂದು ಕುಳಿತಿದೆ. ವಕೀಲರು ಕಳಿಸಿದ ಕರಡನ್ನು ಕಕ್ಷಿದಾರ ಅದರ ಮುಂದಿಟ್ಟರೆ ಅದು ಹದಿನಾಲ್ಕು ದೋಷಗಳ ಪಟ್ಟಿ ಕೊಡುತ್ತದೆ. ಆ ಪಟ್ಟಿಯನ್ನು ವಕೀಲರು ತಮ್ಮ ಫೋನಿನಲ್ಲಿ ಅದಕ್ಕೇ ತೋರಿಸಿದರೆ ಅದು ಕ್ಷಮೆ ಕೇಳಿ, ತಾನೇ ಬರೆದ ಕರಡನ್ನು ತಾನೇ ಖಂಡಿಸಿ, ಇನ್ನೆಂಟು ಪುಟ ಸೇರಿಸುತ್ತದೆ. ಬರೆದದ್ದೆಲ್ಲ ಯಂತ್ರವಾದ ಮೇಲೆ ಫೀಸು ಯಾಕಿಷ್ಟು ಎಂದು ಕಕ್ಷಿದಾರ ಕೇಳಿದಾಗ ಮಾತ್ರ ಯಂತ್ರಾನುಗ್ರಹ ವಕೀಲರು ಫೋನನ್ನು ಮೇಜಿನ ಮೇಲಿಟ್ಟು, 1961ರ ವಕೀಲರ ಅಧಿನಿಯಮದ ಪ್ರಕಾರ ವಕಾಲತ್ತು ವಹಿಸುವ ಅಧಿಕಾರ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡ ಮನುಷ್ಯರಿಗೆ ಮಾತ್ರ ಉಂಟೆಂದು, ಯಾವ ಸಹಾಯವನ್ನೂ ಪಡೆಯದೆ, ನಿರರ್ಗಳವಾಗಿ ವಿವರಿಸುತ್ತಾರೆ. ಆ ವಾದಕ್ಕೆ ಕಕ್ಷಿದಾರನ ಬಳಿ ಉತ್ತರವಿರುವುದಿಲ್ಲ. ಗುಮಾಸ್ತರು ಅಷ್ಟರಲ್ಲಿ ಖರ್ಚಿನ ಚೀಟಿ ಮುಂದೊಡ್ಡಿರುತ್ತಾರೆ: ಕೋರ್ಟು ಶುಲ್ಕ, ಪ್ರೊಸೆಸ್ ಶುಲ್ಕ, ಜೆರಾಕ್ಸು, ಮತ್ತು ಪುಟಕ್ಕಿಷ್ಟು ಎಂಬ ಹಳೆಯ ದರದಲ್ಲಿ ನಲವತ್ತೆರಡು ಪುಟಗಳ ಟೈಪಿಂಗ್ ಚಾರ್ಜು.